ನನ್ನದಲ್ಲದ ಸಾಲದ ಫೋನು

ನಿಪ್ಪಾಣಿಯಲ್ಲಿ ನಾನೊಬ್ಬಳೇ ನಡೆಸುವ ಹೊಲಿಗೆ ಅಂಗಡಿಯಿದೆ. ಪಕ್ಕದ ಅಂಗಡಿಯವನು ಬೈಕಿಗೆ ಸಾಲ ತೆಗೆಯುವಾಗ, ನನ್ನನ್ನು ಒಂದು ಮಾತೂ ಕೇಳದೆ ಅರ್ಜಿಯಲ್ಲಿ ಪರಿಚಯದವರ ನಂಬರೆಂದು ನನ್ನದನ್ನು ಬರೆಸಿದ್ದ. ಅವನು ಕಂತು ನಿಲ್ಲಿಸಿ ಊರು ಬಿಟ್ಟ ಮೇಲೆ ವಸೂಲಿಯವರು ನನ್ನ ಬೆನ್ನು ಹತ್ತಿದರು. ನನಗೆ ಸಂಬಂಧವಿಲ್ಲವೆಂದು ಕನ್ನಡದಲ್ಲಿ ಹೇಳಿದರೆ ಮರಾಠಿಯಲ್ಲಿ ಬೈಯುತ್ತಿದ್ದರು. ಒಂದು ನಂಬರು ಬ್ಲಾಕ್ ಮಾಡಿದರೆ ಇನ್ನೊಂದರಿಂದ ಕರೆ.

ಒಮ್ಮೆ ಮದುವೆ ಬ್ಲೌಸಿನ ಅಳತೆ ಕೊಡಲು ತಾಯಿ, ಮಗಳು ಬಂದಿದ್ದರು. ಹೊಸ ನಂಬರು, ಗಿರಾಕಿ ಇರಬಹುದೆಂದು ಫೋನನ್ನು ಸ್ಪೀಕರಿಗೆ ಹಾಕಿದೆ.

“ಅವನ್ನ ಎಲ್ಲಿ ಮುಚ್ಚಿಟ್ಟೀ? ನೀ ಅವನಿಗೆ ಏನಾಗ್ಬೇಕ?” ಎಂದಿತು ಗಂಡು ದನಿ, ಈ ಸಲ ಕನ್ನಡದಲ್ಲೇ.

ತಾಯಿ ಬಟ್ಟೆ ಮಡಚಿಕೊಂಡು, “ಆಮ್ಯಾಲ ಬರ್ತೀವ್ರಿ” ಎಂದು ಮಗಳನ್ನು ಕರೆದುಕೊಂಡು ಹೊರಟೇಬಿಟ್ಟರು.

ಮರುದಿನ ಅಂಗಡಿ ಮುಚ್ಚಿ ಅವನಿಗೆ ಸಾಲ ಕೊಟ್ಟಿದ್ದ ಚಿಕ್ಕೋಡಿಯ ಫೈನಾನ್ಸ್ ಕಚೇರಿಗೆ ಹೋದೆ. ಫೋನಿನಲ್ಲಿ ರೆಕಾರ್ಡಾಗಿದ್ದ ಬೈಗುಳವನ್ನು ಎಲ್ಲರ ನಡುವೆ ಜೋರಾಗಿ ಹಚ್ಚಿದೆ.

“ಅಕ್ಕಾರ, ಸೌಂಡ್ ಕಡಿಮಿ ಮಾಡ್ರಿ, ಮಂದಿ ಅದಾರ,” ಎಂದ ಮ್ಯಾನೇಜರ್.

“ನನ್ನ ಅಂಗಡ್ಯಾಗೂ ಮಂದಿ ಇರ್ತಾರ್ರಿ,” ಎಂದೆ.

ಆತ ನನ್ನ ನಂಬರು ತೆಗೆಸಿ, ಆ ಸಾಲಕ್ಕೂ ನನಗೂ ಸಂಬಂಧವಿಲ್ಲವೆಂದು ಬರೆದೂ ಕೊಟ್ಟ. ಕರೆಗಳು ನಿಂತವು. ಕಾಗದ ತೋರಿಸಲು ಆ ತಾಯಿಯ ಮನೆಗೆ ಹೋದರೆ, ಬ್ಲೌಸು ಬೇರೆ ಕಡೆ ಕೊಟ್ಟಾಗಿತ್ತು.

“ನಿಮ್ದೇನ ತಪ್ಪಿಲ್ಲ ಬಿಡ್ರಿ,” ಎಂದರು ಬಾಗಿಲಲ್ಲೇ ನಿಂತು. ಒಳಗೆ ಬನ್ನಿ ಎನ್ನಲಿಲ್ಲ.