ಚೆಕ್ಕಿನ ಹಿಂದೆ ಬರೆದದ್ದು

ನನ್ನ ಯಜಮಾನರು ಅಕ್ಕಿಹೆಬ್ಬಾಳಿನ ಹತ್ತಿರ ಇಟ್ಟಿಗೆ ಗೂಡು ನಡೆಸುತ್ತಿದ್ದರು. ಅವರು ತೀರಿಕೊಂಡಾಗ ಬೆಳ್ಳೂರು ಕ್ರಾಸಿನಲ್ಲಿ ಲಾಡ್ಜು ಕಟ್ಟಿಸುತ್ತಿದ್ದ ಸಾಹುಕಾರರಿಂದ ಇಟ್ಟಿಗೆ ದುಡ್ಡು ಬರಬೇಕಿತ್ತು. ಅದು ಪೂರ್ತಿ ಬಂದರೆ ಇಟ್ಟಿಗೆ ಕೊಯ್ಯುವವರ ಕೂಲಿ ತೀರಿ, ಗೂಡು ಮುಂದುವರಿಯುತ್ತಿತ್ತು. ಇಲ್ಲದಿದ್ದರೆ ಇಲ್ಲ.

ನಮ್ಮ ಕಡೆ ತಿಥಿ ಊಟವಾದ ಮೇಲೆ ಸತ್ತವರು ಕೊಡಬೇಕಾದ, ಅವರಿಗೆ ಬರಬೇಕಾದ ಬಾಕಿಯ ಮಾತನ್ನು ನಾಲ್ಕು ಜನರ ಮುಂದೆ ಎತ್ತುತ್ತಾರೆ. ಸಾಹುಕಾರರು ಉಂಡು, ಕೈ ತೊಳೆದು, ಬಾಡೂಟ ಚೆನ್ನಾಗಿತ್ತು ಎಂದೂ ಹೇಳಿ, ನನ್ನ ಹೆಸರಿಗೆ ಬರೆದ ಚೆಕ್ಕು ಕೊಟ್ಟರು. ಬರಬೇಕಾದದ್ದರಲ್ಲಿ ಅರ್ಧ. ಹಿಂದುಗಡೆ ಬರೆದಿತ್ತು: ‘ಇಟ್ಟಿಗೆ ಬಾಬ್ತು ಪೂರ್ತಿ ಚುಕ್ತಾ. ಒಪ್ಪಿದರೆ ಮಾತ್ರ ಬ್ಯಾಂಕಿಗೆ ಹಾಕುವುದು.’

“ಈಸ್ಕೊಳವ್ವ. ತಿಥಿ ದಿನ ಬಂದದ್ದ ವಾಪಸ್ ಕಳುಸ್ಬಾರ್ದು,” ಎಂದರು ನಮ್ಮ ಭಾವ.

ಈಸಿಕೊಂಡೆ. ಆ ದಿನಗಳಲ್ಲಿ ಯಾರು ಏನು ಕೊಟ್ಟರೂ ಈಸಿಕೊಳ್ಳುತ್ತಿದ್ದೆ, ಕಾಫಿ ಕೊಟ್ಟರೆ ಕಾಫಿ, ಮಾತ್ರೆ ಕೊಟ್ಟರೆ ಮಾತ್ರೆ. ಮೈಮನಸ್ಸೆಲ್ಲ ಜೋಮು ಹಿಡಿದ ಕಾಲಿನ ಹಾಗಿತ್ತು.

ಕಿಕ್ಕೇರಿಯ ಬ್ಯಾಂಕಿನಲ್ಲಿ, “ಹಿಂದ್ಗಡೆ ಅಕೌಂಟ್ ನಂಬರ್ ಬರ್ದು ಸೈನ್ ಮಾಡಿ,” ಎಂದರು. ಎಲ್ಲರಿಗೂ ಹಾಗೇ ಹೇಳುತ್ತಾರೆ. ಜಾಗವಿದ್ದದ್ದು ಆ ಬರಹದ ಕೆಳಗೆ. ಅಲ್ಲೇ ಸಹಿ ಹಾಕಿದೆ.

ಮಿಕ್ಕದ್ದನ್ನು ಕೇಳಲು ಹೋದಾಗ ಸಾಹುಕಾರರು ಬ್ಯಾಂಕಿನಿಂದ ತರಿಸಿದ್ದ ನಕಲನ್ನು ಮುಂದಿಟ್ಟರು. “ಇದು ನಿಮ್ದೇ ಸೈನ್ ಅಲ್ವೇನಮ್ಮ?”

ನನ್ನದೇ.

ಕೆ.ಆರ್. ಪೇಟೆಯ ವಕೀಲರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. “ಇದು ಪೂರ್ತಿ ಲೆಕ್ಕ ಅಂತ ಒಪ್ಪಲ್ಲ ಅಂತ ಮೊದ್ಲೇ ಬರ್ದು ಕಳ್ಸಿ, ಆಮೇಲೆ ಚೆಕ್ ಹಾಕಿದ್ರೆ ಬಾಕೀದು ಕೇಳಾಕೆ ದಾರಿ ಇರೋದು. ನೀವು ಒಪ್ದಂಗೆ ಸೈನೇ ಹಾಕ್ಬುಟ್ಟಿದೀರಿ. ಓದ್ನಿಲ್ಲ ಅಂತ ಹೇಳ್ತೀರಾ?”

“ಓದಿದ್ದೆ ಸಾರ್,” ಎಂದೆ.

ಅವರು ಫೀಸು ತೆಗೆದುಕೊಳ್ಳಲಿಲ್ಲ. ಅದರಿಂದಲೇ ನನಗೆ ಎಲ್ಲ ಅರ್ಥವಾಯಿತು.

ಬಸ್ಸಿಳಿದು ನೇರ ಗೂಡಿನ ಹತ್ತಿರ ಹೋದೆ. ಇಟ್ಟಿಗೆ ಕೊಯ್ಯುವ ಗಂಡ ಹೆಂಡತಿ ಕಾಯುತ್ತಿದ್ದರು. ಬಂದಿದ್ದ ಅರ್ಧದಲ್ಲಿ ಅವರ ಕೂಲಿ ಕೊಟ್ಟೆ. ಉಳಿದದ್ದರಲ್ಲಿ ಒಂದು ಲೋಡು ಸೌದೆಯೂ ಬರುತ್ತಿರಲಿಲ್ಲ.

“ಮತ್ತೆ ಯಾವಾಗ ಬರಾನ ಅಕ್ಕ?” ಎಂದು ಆಕೆ ಕೇಳಿದಳು.

“ಬರೋದ್ ಬ್ಯಾಡ ಕಣವ್ವ. ಇನ್ನು ಗೂಡು ಹಚ್ಚಾಕಿಲ್ಲ. ಅವ್ರಿಲ್ವಲ್ಲ,” ಎಂದೆ.

ಅವರು ಇಲ್ಲ ಎಂದು ನಾನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಸುಡದೆ ಉಳಿದ ಹಸಿ ಇಟ್ಟಿಗೆಗಳ ನಡುವೆ ಕೂತು, ಆ ಹೆಂಗಸಿನ ಕೈ ಹಿಡಿದುಕೊಂಡು ಅಳತೊಡಗಿದೆ.