ಜಂಬಕ್ಕ ಬೆಂಕಿಗೆ ನೀರು ಹಾಕಿದ್ದು

ಕಡ್ಡಿರಾಂಪುರ ದಾಟಿ ಹಂಪಿಗೆ ಹೋಗುವ ದಾರಿಯಲ್ಲಿ, ಬಂಡೆಗುಡ್ಡದ ಬುಡದಲ್ಲಿ ಮನೋಹರ್ ಪ್ರವಾಸಿಗರಿಗೆಂದು ಆರು ಟೆಂಟ್ ಹಾಕಿದ್ದಾನೆ. ಬಂದವರೆಲ್ಲ ಸಂಜೆ ಬೆಂಕಿಯ ಸುತ್ತ ಕೂರಬೇಕೆನ್ನುತ್ತಾರೆ. ಆ ಬೆಂಕಿ ಜಂಬಕ್ಕನದು. ಬಾಳೆತೋಟದಲ್ಲಿ ಕೂಲಿ ಮಾಡುತ್ತಿದ್ದವಳು, ಮೊಣಕಾಲು ಹಿಡಿದುಕೊಂಡ ಮೇಲೆ ಇಲ್ಲಿಗೆ ಬಂದಳು. ಕೂತು ಮಾಡುವ ಕೆಲಸ ಅವಳಿಗೆ ಬೇರೆಲ್ಲೂ ಸಿಕ್ಕಿರಲಿಲ್ಲ.

ಬೆಂಕಿ ಹೂಡುವುದರಲ್ಲಿ ಅವಳಿಗೆ ಅವಸರವಿಲ್ಲ. ಟೆಂಟುಗಳಿಂದ ಇಪ್ಪತ್ತು ಹೆಜ್ಜೆ ಎಣಿಸಿ, ಸುತ್ತಲಿನ ಹುಲ್ಲು ಕೆರೆದು, ಗುಂಡಿ ತೋಡಿದ್ದಾಳೆ. ಮನೋಹರ್ ಹೊಳೆಯಿಂದ ನುಣ್ಣನೆಯ ಕಲ್ಲು ತಂದು ಜೋಡಿಸಹೋದಾಗ ತಡೆದವಳೂ ಅವಳೇ.

“ಇವು ನೀರು ಕುಡಿದಾವ್ರಿ ಸಾವ್ಕಾರ್ರ. ಕಾದ್ರ ಸಿಡಿತಾವ.”

ಹೊಲದ ಬದುವಿನ ಒಣಗಲ್ಲುಗಳನ್ನೇ ತಂದಿಟ್ಟಳು. ಜಾಲಿ ಕಟ್ಟಿಗೆಯನ್ನು ಒಂದೊಂದಾಗಿ ಇಡುತ್ತಾಳೆ. ಇನ್ನೂ ದೊಡ್ಡದು ಮಾಡಿ ಎಂದು ಯಾರಾದರೂ ಕೇಳಿದರೆ, “ದೊಡ್ಡದಾದ್ರ ಹಿಂದಕ್ಕ ಸರೀತೀರಿ. ಸಣ್ಣದಿದ್ರ ಹತ್ರ ಕುಂದ್ರತೀರಿ” ಎನ್ನುತ್ತಾಳೆ.

ಫೆಬ್ರವರಿಯ ಒಂದು ಬೆಳಿಗ್ಗೆ ಗಾಳಿ ಎದ್ದಿತು. ಹಿಂದಿನ ಸಂಜೆ ಅವಳು ಎಂದಿನಂತೆ ಕೆಂಡದ ಮೇಲೆ ಬೂದಿ ಎಳೆದು ಮನೆಗೆ ಹೋಗಿದ್ದಳು. ಗಾಳಿಗೆ ಬೂದಿ ಹಾರಿತು, ಕೆಂಡ ಕಣ್ಣು ಬಿಟ್ಟಿತು, ಕಿಡಿ ಬೇಲಿಯಾಚೆಯ ಒಣಹುಲ್ಲಿಗೆ ಬಿತ್ತು. ಅವಳು ಬರುವಷ್ಟರಲ್ಲಿ ಬೇಲಿಯುದ್ದಕ್ಕೂ ನೆಲ ಕಪ್ಪಾಗಿತ್ತು, ಬೇಲಿಗೆ ಹತ್ತಿರದ ಟೆಂಟೊಂದರ ಹಗ್ಗ ಸುಟ್ಟಿತ್ತು. ಯಾರಿಗೂ ಏನೂ ಆಗಿರಲಿಲ್ಲ. ಮನೋಹರನ ಕೈಯಲ್ಲಿ ಖಾಲಿ ಕೊಡವಿತ್ತು.

“ನೀರು ಹಾಕಿ ಹೋಗಬೇಕಿತ್ತಲ್ಲ ಜಂಬಕ್ಕ.”

“ಬೆಂಕಿಗೆ ಹೆಂಗ್ರಿ ನೀರು ಹಾಕೋದು? ಮನ್ಯಾಗ ಒಲಿಗೆ ಹಾಕಿಲ್ಲ ನಾನು ಇವತ್ತಿನ ತನ.”

“ಹಂಗಾದ್ರ ಬೆಂಕೀನ ಬ್ಯಾಡ ಬಿಡು. ಲೈಟ್ ಹಾಕಸ್ತೀನಿ.”

ಬೆಂಕಿ ಬೇಡವೆಂದರೆ ತಾನೂ ಬೇಡವೆಂದೇ ಅರ್ಥ. “ಇವತ್ತೊಂದು ಸಂಜಿ ನೋಡ್ರಿ” ಎಂದು ಕೇಳಿಕೊಂಡು ಮನೆಗೆ ಬಂದಳು.

ಅತ್ತೆ ಭರಮಮ್ಮ ಹೊಸ್ತಿಲ ಬಳಿ ಕೂತು ಶೇಂಗಾ ಸುಲಿಯುತ್ತಿದ್ದಳು. ಒಲೆಗೆ ನೀರು ಹಾಕಬಾರದು, ಕೆಂಡವನ್ನು ಬೂದಿಯಲ್ಲಿ ಮಲಗಿಸಬೇಕು ಎಂದು ಸೊಸೆಗೆ ಕಲಿಸಿದವಳು ಅವಳೇ. ಗ್ಯಾಸ್ ಬಂದ ಮೇಲೂ ಹಿತ್ತಲಿನ ನೀರೊಲೆಗೆ ಆ ನೇಮ ತಪ್ಪಿರಲಿಲ್ಲ. ಜಂಬಕ್ಕ ನಡೆದದ್ದನ್ನೆಲ್ಲ ಹೇಳಿದಳು.

“ನಾವು ಕೆಂಡ ಯಾಕ ಉಳಸ್ತಿದ್ವಿ?” ಮುದುಕಿ ಕೇಳಿದಳು.

“ಮುಂಜಾನಿ ಒಲಿ ಹೊತ್ತಸಾಕ.”

“ಅಲ್ಲಿ ಮುಂಜಾನಿ ಯಾರಿಗೆ ಬೇಕದು?”

“ಯಾರಿಗೂ ಬ್ಯಾಡ.”

“ಮತ್ತ ಮಲಗಸಾಕ ಅದೇನು ಕೂಸೇನು? ನೀರು ಹಾಕು. ಪಾಪ ಬಂದ್ರ ನನಗ ಬರಲಿ.”

ಅಂದು ರಾತ್ರಿ ಎಂಟಕ್ಕೆ ಬೆಂಕಿಯ ಸುತ್ತ ಕೂತಿದ್ದವರು ಊಟಕ್ಕೆ ಎದ್ದರು. ಮನೋಹರ್ ಕೈಕಟ್ಟಿ ನಿಂತೇ ಇದ್ದ. ಜಂಬಕ್ಕ ಎತ್ತಿದ ಕೊಡವನ್ನು ಮತ್ತೆ ಕೆಳಗಿಟ್ಟು, ಬೆಂಕಿಗೆ ಕೈಮುಗಿದಳು. ಆಮೇಲೆ ಸುರಿದಳು. ಬಿಳಿ ಹಬೆ ಎದ್ದು ಅವಳ ಮುಖ ಮುಚ್ಚಿತು. ಕೋಲಿನಿಂದ ತಳದ ತನಕ ಕೆದಕಿದಳು, ಮತ್ತೆ ಸುರಿದಳು. ಚುಂಯ್ ಎನ್ನುವ ಸದ್ದು ಪೂರ್ತಿ ಅಡಗಿದ ಮೇಲೆ ಕೈಯ ಹಿಂಬದಿಯನ್ನು ಬೂದಿಯ ಮೇಲೆ ಚಾಚಿ ಕಾವು ನೋಡಿ, ಅಂಗೈಯನ್ನು ಅದರೊಳಗೇ ಇಟ್ಟಳು.

“ನೀವೂ ಇಡ್ರಿ.”

ಅವನು ಮೊದಲು ಒಂದು ಬೆರಳು ತಾಕಿಸಿದ. ಆಮೇಲೆ ಪೂರ್ತಿ ಕೈಯಿಟ್ಟ. ಹಸಿ ಮಣ್ಣಿನಷ್ಟು ತಂಪಿತ್ತು.

“ನಾಳೆ ಎಂಟು ಮಂದಿ ಬರ್ತಾರ” ಎಂದ ಕೈ ಒರೆಸಿಕೊಳ್ಳುತ್ತಾ. “ಕಟ್ಟಿಗಿ ಐತೇನು?”

“ಕಟ್ಟಿಗಿ ಐತ್ರಿ. ಇನ್ನೆರಡು ಕೊಡ ತರಸ್ರಿ.”