ಕಾಕಾನ ನೂಲು, ನನ್ನ ಬಳ್ಳಿ

ನಾನು ಗಂಡನ ಮನೆಗೆ ಬರುವಾಗ ತವರಿನಿಂದ ಒಂದು ಹೊಲಿಗೆ ಯಂತ್ರ ತಂದೆ. ಹುಬ್ಬಳ್ಳಿಯ ಆ ಹತ್ತಿ ವ್ಯಾಪಾರಿಗಳ ಮನೆಗೆ ಸೊಸೆ ಹೇಗೋ ಹೊಂದಿಕೊಂಡಳು, ಯಂತ್ರ ಹೊಂದಿಕೊಳ್ಳಲಿಲ್ಲ. ಅದರ ಸಪ್ಪಳಕ್ಕೆ ಎಮ್ಮೆ ಹಾಲು ಕೊಡುವುದಿಲ್ಲವೆಂದು ಅತ್ತೆಯ ದೂರು. ನಾದಿನಿ ಬಾಣಂತನಕ್ಕೆ ಬಂದಾಗ ಅತ್ತೆಯೇ ಪಂದ್ಯ ಕಟ್ಟಿದರು.

"ಕೂಸಿನ ತೊಟ್ಟಿಲಾಗ ಹಾಕಾಕ ಒಂದು ಕೌದಿ ಹೊಲಿ. ಛಲೋ ಆತಂದ್ರ ಮಷೀನು ಪಡಸಾಲ್ಯಾಗ ಇರ್ಲಿ. ಇಲ್ಲಂದ್ರ ಅಟ್ಟಕ್ಕ."

ಹಳೆಯ ಸೀರೆಗಳನ್ನು ಪದರ ಪದರವಾಗಿ ಹಾಸಿ ಹೊಲಿಯುವ ಕೌದಿ ನಮ್ಮ ಕಡೆ ಕೈಯದೇ ಕೆಲಸ. ಅತ್ತೆಗೆ ಹೊಲದಲ್ಲಿ ಬಿತ್ತುವ ಕೂರಿಗೆ ಸಾಲಿನಂಥ ನೇರ ಗೆರೆಗಳೇ ಬೇಕು. ನನ್ನ ಆಸೆಯೇ ಬೇರೆ. ಯಂತ್ರದಲ್ಲಿ ಬಟ್ಟೆ ಸರಿಸುವ ಹಲ್ಲುಗಳ ಮೇಲೆ ತಗಡು ಮುಚ್ಚಿದರೆ ಬಟ್ಟೆ ತಾನಾಗಿ ಸರಿಯುವುದಿಲ್ಲ. ನಾವು ಕೈಯಿಂದ ತಿರುಗಿಸಿದತ್ತ ಸೂಜಿ ಬರೆಯುತ್ತ ಹೋಗುತ್ತದೆ. ಹಾಗೆ ಕೌದಿಯ ತುಂಬ ಬಳ್ಳಿ ಹಬ್ಬಿಸಬೇಕೆಂದಿದ್ದೆ.

ನಡುವೆ ಬಾಯಿ ಹಾಕಿದವರು ಮಾವನವರ ತಮ್ಮ, ಮನೆಮಂದಿಗೆಲ್ಲ ಕಾಕಾ. ಹಗಲೆಲ್ಲ ಗಿರಣಿಗೆ ಹತ್ತಿ ತೂಗಿ ಕಳಿಸಿ, ಸಂಜೆ ಗಿರಣಿಯನ್ನೇ ಬೈಯುತ್ತ ಚರಕದ ಮುಂದೆ ಕೂಡುವ ದೇಶಭಕ್ತರು.

"ನನ್ನ ನೂಲಿಲೇ ಹೊಲೀಬೇಕು. ನಕ್ಷಿನೂ ಚರಕದ್ದ ಆಗಬೇಕು" ಎಂದರು.

ಅವರ ನೂಲು ಒಂದು ಗೇಣು ಹಗ್ಗ, ಇನ್ನೊಂದು ಗೇಣು ಜೇಡರ ಬಲೆ. ದಪ್ಪ ಬಂದಲ್ಲಿ ಸೂಜಿಯ ಕಣ್ಣಿಗೆ ಸಿಕ್ಕಿಕೊಳ್ಳುತ್ತಿತ್ತು, ಸಣ್ಣ ಬಂದಲ್ಲಿ ಹರಿಯುತ್ತಿತ್ತು.

"ಮಷೀನು ಪರದೇಶದ್ದ ಐತಿ. ಅದಕ್ಕ ಸ್ವದೇಶಿ ನೂಲು ಸೇರವಲ್ದು!" ಎಂದರು ಕಾಕಾ.

ಅಂದರೆ ತಪ್ಪು ನೂಲಿನದಲ್ಲ, ಬ್ರಿಟಿಷ್ ಸರಕಾರದ್ದು.

ತೊಟ್ಟಿಲ ಶಾಸ್ತ್ರ ಹತ್ತಿರ ಬಂದಂತೆ ನನಗೆ ಅಳು ಬರತೊಡಗಿತು. ಯಂತ್ರ ಅಟ್ಟ ಹತ್ತಿದರೆ ಆ ಮನೆಯಲ್ಲಿ ನನ್ನದು ಅನ್ನುವಂಥದ್ದು ಏನೂ ಉಳಿಯುತ್ತಿರಲಿಲ್ಲ. ಗಂಡನಿಂದ ಗುಟ್ಟಾಗಿ ಗಿರಣಿಯ ದಾರದ ಉಂಡೆ ತರಿಸಿದೆ. ನಮ್ಮದೇ ಹತ್ತಿ ಊರು ಸುತ್ತಿ ಮನೆಗೆ ಬಂದಿತ್ತೋ ಏನೋ. ನನಗೆ ಕೆಂಪು ಇಷ್ಟ; ಆದರೆ ಕೆಂಪಿನಲ್ಲಿ ಬಳ್ಳಿಯೂ ಕಾಣುತ್ತದೆ, ಕಳ್ಳತನವೂ ಕಾಣುತ್ತದೆ. ಕಾಕಾನ ನೂಲಿನಂಥ ಮಾಸಲು ಬಿಳಿಯನ್ನೇ ಆರಿಸಿದೆ. ಅವರು ಅಂಗಡಿಗೆ ಹೋದಾಗೆಲ್ಲ ಬಳ್ಳಿ ಬೆಳೆಯಿತು.

ಒಂದು ಮೂಲೆ ಉಳಿದಾಗ ಅತ್ತೆ ಬಂದು ನಿಂತರು. ಉಂಡೆ ನೋಡಿದರು, ನನ್ನನ್ನು ನೋಡಿದರು. ಕೌದಿಯ ಹೊಟ್ಟೆ ಬರಿದಾಗಿರಬಾರದೆಂದು ಕೊನೆಯ ಮೂಲೆ ಮುಚ್ಚುವ ಮೊದಲು ರೊಟ್ಟಿಯ ಚೂರು ಇಡುವುದು ಆ ಮನೆಯ ಪದ್ಧತಿ. ಅತ್ತೆ ಒಳಗೆ ಹೋಗಿ ರೊಟ್ಟಿಯ ಬದಲು ಕಾಕಾನ ನೂಲಿನ ಲಡಿಯೊಂದನ್ನು ತಂದು ಆ ಮೂಲೆಯಲ್ಲಿ ತುರುಕಿದರು.

"ರೊಟ್ಟಿ ಇಟ್ರ ಇಲಿ ಕಡೀತಾವು. ಇದನ್ನ ಯಾವ ಇಲೀನೂ ಮುಟ್ಟಂಗಿಲ್ಲ. ಕೌದ್ಯಾಗ ಕಾಕಾನ ನೂಲು ಇದ್ದಂಗೂ ಆತು. ಲಗೂ ಹೊಲಿ."

ತೊಟ್ಟಿಲ ದಿನ ಬಂದವರಿಗೆಲ್ಲ ಕಾಕಾ ಕೌದಿ ಎಳೆದೆಳೆದು ತೋರಿಸಿದರು. "ನನ್ನ ನೂಲು ನೋಡ್ರಿ, ಎಷ್ಟು ಗಟ್ಟಿ ಐತಿ!" ಬಳ್ಳಿಯ ಒಂದೊಂದು ಸುರುಳಿಯಲ್ಲೂ ಅವರಿಗೆ ಚರಕ ಕಂಡಿತು. ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದರು.

ಮರುದಿನ ನೋಡಿದರೆ ಪಡಸಾಲೆಯಲ್ಲಿ ಯಂತ್ರವಿಲ್ಲ. ಅಟ್ಟ ಹತ್ತಿದೆ, ಅಲ್ಲೂ ಇಲ್ಲ. ಅದು ಅತ್ತೆಯ ಕೋಣೆಯಲ್ಲಿ, ಬೆಳಕು ಬೀಳುವ ಕಿಟಕಿಯ ಬದಿಗೆ ಹೋಗಿ ಕೂತಿತ್ತು. ಮೇಲೆ ಅವರ ಮದುವೆಯ ಸೀರೆ ಮಡಿಚಿಟ್ಟಿತ್ತು.

"ಎಮ್ಮಿ ಹಾಲು ಕೊಡೂದಿಲ್ಲಂದಿದ್ರಿ" ಎಂದೆ, ಬಾಗಿಲಲ್ಲಿ ನಿಂತಿದ್ದ ಅತ್ತೆಗೆ.

"ಎಮ್ಮಿಗಿ ರೂಢಿ ಆಗ್ತೈತಿ. ಇದು ನನ್ನ ಕೌದಿ, ಕೆಂಪು ದಾರ ಹಾಕು. ಬಳ್ಳಿ ಕಾಣ್ಲಿ."